ಪೊಟೊಮ್ಯಾಕ್ ಹೊಳೆಯಲ್ಲಿ ಕಾಲು ಜಾರುತ್ತಿದೆ, ಫೆಲ್ಟ್ ಬೂಟು ತಗೊಳ್ಳಲಾ? – ಪ್ರತಿಕ್ರಿಯೆ

ಬಹುಶಃ ನಿಮ್ಮ ಬೂಟಿನ ರಬ್ಬರ್ ಅಡಿಯೇ ಕಾರಣ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪಾಯಿಂಟ್ ಆಫ್ ರಾಕ್ಸ್ ಹತ್ತಿರ ಸ್ಮಾಲ್‌ಮೌತ್ ಬಾಸ್ ಮೀನು ಹಿಡಿಯಲು ಇಳಿದಾಗ ಹೆಜ್ಜೆ ಹೆಜ್ಜೆಗೂ ಜಾರುತ್ತದೆ ಅಂದಿದ್ದೀರಿ. ಪಾಚಿ ಹಿಡಿದ ಕಲ್ಲಿನ ಮೇಲೆ ಬರೀ ರಬ್ಬರ್ ನಿಲ್ಲುವುದಿಲ್ಲ.

ಫೆಲ್ಟ್, ಅಂದರೆ ಒತ್ತಿದ ನಾರಿನ ದಪ್ಪ ಬಟ್ಟೆಯ ಅಡಿ ಇರುವ ಬೂಟು, ತಗೊಳ್ಳಬೇಡಿ. ಹಿಡಿತ ಚೆನ್ನಾಗಿರುತ್ತದೆ ನಿಜ, ಆದರೆ ಮೇರಿಲ್ಯಾಂಡಿನಲ್ಲಿ 2011ರಿಂದ ಅದಕ್ಕೆ ನಿಷೇಧವಿದೆ. ಒದ್ದೆ ಫೆಲ್ಟ್ ಬೇಗ ಒಣಗಲ್ಲ, ಡಿಡಿಮೊ ಅನ್ನುವ ಪಾಚಿ ಅದರ ಜೊತೆ ಇನ್ನೊಂದು ಹೊಳೆಗೆ ಹೋಗಿಬಿಡುತ್ತದೆ.

ಮೊದಲು ಈಗಿನ ಬೂಟಿಗೇ ಕಾರ್ಬೈಡ್ ಸ್ಟಡ್ (ಅಡಿಗೆ ತಿರುಗಿಸಿ ಕೂರಿಸುವ ಗಟ್ಟಿ ತುದಿಯ ಸ್ಕ್ರೂ) ಹಾಕಿ. ಅಡಿಯಲ್ಲಿ ಅದಕ್ಕೆ ಜಾಗ ಗುರುತು ಮಾಡಿದ್ದಾರಾ ನೋಡಿಕೊಳ್ಳಿ, ಫೋಟೊ ಇಲ್ಲದೆ ನಾನು ಹೇಳುವುದು ಕಷ್ಟ. ಅಡಿ ತೆಳ್ಳಗಿದ್ದರೆ ಉದ್ದ ಸ್ಕ್ರೂ ಒಳಗೆ ಚುಚ್ಚುತ್ತದೆ.

ಆಮೇಲೆ ಒಂದು ಗಟ್ಟಿ ಕೋಲು. ಸ್ಟಡ್‌ಗಿಂತ ಇದೇ ಜಾಸ್ತಿ ಮುಖ್ಯ ಅನ್ನುತ್ತೇನೆ. ನೀರು ಬರುವ ಕಡೆಗೆ ಊರಿ, ಅದು ನಿಂತ ಮೇಲೆ ಒಂದೇ ಕಾಲು ಸರಿಸಿ. ಎತ್ತಿ ಇಡಬೇಡಿ, ತಳ ಸವರಿಕೊಂಡೇ ಹೋಗಿ. ವೇಡರ್ (ನೀರಿಗಿಳಿಯುವಾಗ ಹಾಕುವ ಉದ್ದ ಜಲನಿರೋಧಕ ಪ್ಯಾಂಟು) ಹಾಕಿದ್ದರೆ ಅದರ ಬೆಲ್ಟ್ ಬಿಗಿಯಾಗಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ.

ಹೊರಡುವ ಮೊದಲು ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ) ಸೈಟಿನಲ್ಲಿ ಪಾಯಿಂಟ್ ಆಫ್ ರಾಕ್ಸ್ ಗೇಜ್, ಅಂದರೆ ನೀರಿನ ಮಟ್ಟದ ಅಳತೆ, ನೋಡಿ. ನೀರು ಏರುತ್ತಿದ್ದರೆ ಇಳಿಯಲೇಬೇಡಿ. ತೊಡೆ ಮಟ್ಟಕ್ಕಿಂತ ಆಳಕ್ಕೆ ಹೋಗುವುದೂ ಬೇಡ. ಸ್ಮಾಲ್‌ಮೌತ್ ಬಂಡೆ ಹಿಂದಿನ ನಿಧಾನ ನೀರಲ್ಲೇ ಕಾಯುತ್ತಿರುತ್ತದೆ, ಮೊಣಕಾಲುದ್ದ ನೀರಲ್ಲಿ ನಿಂತೇ ಗಾಳ ಎಸೆಯಬಹುದು, ಅಲ್ವಾ?

ಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಳ್ಳುತ್ತದೆ. ಅಂಗಾತ ತೇಲಿ, ಕಾಲು ನೀರು ಹೋಗುವ ಕಡೆಗಿರಲಿ, ಕೈಯಿಂದ ನೀರು ತಳ್ಳುತ್ತಾ ದಡದ ಕಡೆ ಸರಿಯಿರಿ.