‘ಮತ್ತು ಸಂಗಡಿಗರು’ ಅಂದರೆ ಯಾರು?

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಓದುಗರೊಬ್ಬರ ಪತ್ರ ಬಂದಿದೆ. ಮಗ ತಂದುಕೊಟ್ಟ ಸಿ.ಡಿ.ಯಲ್ಲಿ ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡದ ಮೊದಲ ಆಲ್ಬಂ ‘ಬ್ಲೂ ಲೈನ್ಸ್’ ಕೇಳಿದರಂತೆ. ‘ತಂಡದವರು ಮೂರು ಜನ. ಎದ್ದು ಕಾಣುವ ಹಾಡುಗಳನ್ನೆಲ್ಲ ಹೊರಗಿನವರು ಹಾಡಿದ್ದಾರೆ. ಮಿಷನ್ನು ಇವರದು, ಕಂಠ ಬಾಡಿಗೆಯದು. ಇದೂ ಒಂದು ಬ್ಯಾಂಡಾ?’ ಅಂತ ಕೇಳಿದ್ದಾರೆ.

ಒಂದು ಮಾತು ಒಪ್ಪಿಬಿಡುತ್ತೇನೆ. ಇಂಥ ತಂಡ ವೇದಿಕೆ ಹತ್ತಿದ ದಿನ ಹಾಡಿದವರು ಬಾರದಿದ್ದರೆ ಮಜಾ ಇರುವುದಿಲ್ಲ. ಆಯ್ತು. ಇನ್ನು ಜಗಳ.

ಸ್ವಾಮಿ, ಕಂಪನಿ ನಾಟಕದ ನಟಿ ಚಿಂದೋಡಿ ಲೀಲಾ ಅವರ ಊರಿನವರು ನೀವು. ಈ ಪ್ರಶ್ನೆ ಕೇಳಬಾರದಿತ್ತು. ಕಂಪನಿ ನಾಟಕದ ಪೇಟಿ ಮಾಸ್ತರನ್ನು ನೋಡಿಲ್ವಾ? ರಂಗದ ಮುಂದೆ ಕೂತು ಕಾಲಲ್ಲಿ ತಿದಿ ಒತ್ತುತ್ತಿದ್ದರು. ಮಟ್ಟು ಅವರದು, ಹಾಡುವವರು ಬಣ್ಣ ಹಚ್ಚಿದವರು. ‘ಮಾಸ್ತರೇ, ನೀವ್ಯಾಕೆ ಹಾಡಲ್ಲ?’ ಅಂತ ಯಾರೂ ಕೇಳಲಿಲ್ಲ. ಬ್ರಿಸ್ಟಲ್ ಊರಿನ ಆ ಮೂವರನ್ನೂ ಪೇಟಿ ಮಾಸ್ತರು ಅಂದುಕೊಳ್ಳಿ. ಪೇಟಿಯ ಜಾಗದಲ್ಲಿ ಸ್ಯಾಂಪ್ಲರ್ ಇದೆ, ಅಂದರೆ ಮುದ್ರಿಸಿದ ಸದ್ದಿನ ತುಣುಕುಗಳನ್ನು ಹಿಡಿದಿಟ್ಟು ಬೇಕಾದಂತೆ ನುಡಿಸುವ ಮಿಷನ್ನು, ಅಷ್ಟೇ. ರ್‍ಯಾಪ್ ಸಾಲುಗಳನ್ನು ತಾವೂ ಹೇಳುತ್ತಾರೆ. ರಾಗ ಎಳೆಯಬೇಕಾದ ಕಡೆ ಬಲ್ಲವರನ್ನು ಕರೆದರು.

ಕರೆದದ್ದಾದರೂ ಯಾರನ್ನು? ಹೊರೇಸ್ ಆಂಡಿ ಜಮೈಕಾದ ರೆಗ್ಗೆ ಗಾಯಕ. 1991ರಲ್ಲಿ ಈ ಆಲ್ಬಂ ಬರುವ ಹೊತ್ತಿಗೆ ಇಪ್ಪತ್ತು ವರ್ಷ ಹಾಡಿ ಪಳಗಿದ್ದವರು. ಇನ್ನು ಶಾರಾ ನೆಲ್ಸನ್ ಹಾಡಿದ ಒಂದು ಹಾಡೇ ಇಡೀ ಆಲ್ಬಮ್ಮಿನಲ್ಲಿ ಜಾಸ್ತಿ ಹೆಸರು ಮಾಡಿತು. ಅದರ ಪಿಟೀಲು ಮೇಳದ ಖರ್ಚಿಗೆ ತಂಡದವರು ಕಾರು ಮಾರಿದರು ಅಂತಾರೆ. ಕಾರಿನ ಕತೆ ಹಾಗಿರಲಿ. ಆ ಹಾಡು ಕಟ್ಟಿದವರ ಪಟ್ಟಿಯಲ್ಲಿ ನೆಲ್ಸನ್ ಹೆಸರೂ ಇದೆ. ಬಾಡಿಗೆಯವರ ಹೆಸರನ್ನು ಯಾರಾದರೂ ಮನೆಪತ್ರದಲ್ಲಿ ಬರೆಸುತ್ತಾರಾ?

ಅದೇ ಕಾಲಕ್ಕೆ, 1990ರಲ್ಲಿ, ಅಮೆರಿಕದ ಮಾರ್ಥಾ ವಾಶ್ ಹಾಡಿದ ಡಾನ್ಸ್ ಹಾಡೊಂದು ಎಲ್ಲೆಲ್ಲೂ ಮೊಳಗಿತು. ವಿಡಿಯೊದಲ್ಲಿ ತುಟಿ ಆಡಿಸಿದ್ದು ಬೇರೆ ಹುಡುಗಿ. ಮಾರ್ಥಾ ಕೋರ್ಟು ಹತ್ತಿದ ಮೇಲೆ ಹೆಸರು ಬಂತು. ನಮ್ಮಲ್ಲೇನು ಕಮ್ಮಿ? 1949ರ ‘ಮಹಲ್’ ಚಿತ್ರದ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರು ‘ಕಾಮಿನಿ’ ಅಂತಿತ್ತು. ಅದು ಪಾತ್ರದ ಹೆಸರು! ಹಾಡಿದವರು ಲತಾ ಮಂಗೇಶ್ಕರ್.

ನನ್ನ ಮೇಜಿನ ಖಾನೆಯಲ್ಲಿ ಒಂದು ಹಳೇ ಕ್ಯಾಸೆಟ್ ಇದೆ. ನಿಮ್ಮೂರಿನವರೇ ಹೊರತಂದ ಸೋಬಾನೆ ಪದಗಳು. ಹಳದಿಯಾದ ಹೊದಿಕೆ ಕಾಗದದಲ್ಲಿ ನಿರ್ಮಾಪಕರ ಫೋಟೊ ಇದೆ, ತಬಲಾದವರ ಹೆಸರಿದೆ, ಜವಳಿ ಅಂಗಡಿಯ ಜಾಹೀರಾತೂ ಇದೆ. ಹಾಡಿದವರು ಅಂತ ಒಬ್ಬರ ಹೆಸರು ಹಾಕಿ ಪಕ್ಕದಲ್ಲಿ ‘ಮತ್ತು ಸಂಗಡಿಗರು’. ಎರಡನೇ ಬದಿಯ ಮೂರನೇ ಪದವನ್ನು ಒಬ್ಬ ಹೆಣ್ಣುಮಗಳು ಒಂಟಿಯಾಗಿ ಎತ್ತಿಕೊಳ್ಳುತ್ತಾಳೆ. ಎರಡನೇ ನುಡಿ ಮುಗಿದಾಗ ಉಸಿರು ಸಾಲದೆ ಸಣ್ಣಗೆ ಕೆಮ್ಮುತ್ತಾಳೆ. ಅದನ್ನು ಕತ್ತರಿಸುವ ತಾಪತ್ರಯವನ್ನೂ ಯಾರೂ ತಗೊಂಡಿಲ್ಲ. ಆಕೆ ಯಾರು ಅಂತ ಕ್ಯಾಸೆಟ್ ತಂದವರನ್ನೇ ಒಮ್ಮೆ ಕೇಳಿದೆ. ‘ಹರಿಹರದ ಕಡೆಯವಳು ಸಾರ್, ಬಸ್ ಚಾರ್ಜ್ ಕೊಟ್ಟು ಕಳಿಸಿದ್ವಿ’ ಅಂದರು. ಬಾಡಿಗೆ ಕಂಠ ಅಂದರೆ ಇದು.

ಗಣೇಶನ ಆರ್ಕೆಸ್ಟ್ರಾ ಬ್ಯಾನರು ನೋಡಿ. ಪ್ರಾಯೋಜಕರ ಮುಖಕ್ಕೆ ಜಾಗ ಸಾಲದು, ಹಾಡುವವರದು ಒಂದೂ ಇರುವುದಿಲ್ಲ. ನಾವು ಪತ್ರಿಕೆಯವರೂ ‘ಕಲಾವಿದರು ನೆರೆದವರನ್ನು ರಂಜಿಸಿದರು’ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಶಾಸಕರ ಇನಿಶಿಯಲ್ ತಪ್ಪಿದರೆ ಮಾತ್ರ ಫೋನ್ ಬರುತ್ತದೆ.

ನಿಮ್ಮ ಕಿವಿ ಚುರುಕಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಆದರೂ ಒಂದು ಕೇಳುತ್ತೇನೆ. ಹಾಡಿದವರು ಹೊರಗಿನವರು ಅಂತ ನಿಮಗೆ ಗೊತ್ತಾದದ್ದು ಹೇಗೆ? ಸಿ.ಡಿ. ಕವರಿನಲ್ಲಿ ಹೆಸರು ಹಾಕಿದ್ದರಿಂದ, ಅಲ್ವಾ?

ಹರಿಹರ ನಿಮಗೆ ಹತ್ತಿರ. ಆ ಕ್ಯಾಸೆಟ್ಟಿನ ಹೆಣ್ಣುಮಗಳ ಪರಿಚಯ ಯಾರಿಗಾದರೂ ಇದ್ದರೆ ಒಂದು ಕಾರ್ಡು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಆಕೆಯ ಹೆಸರು ಹಾಕುತ್ತೇನೆ, ದಪ್ಪ ಅಕ್ಷರದಲ್ಲಿ.

— ಸಂ.