ಫೋನ್ ಗೇಮ್‌ನಾಗ ತಮ್ಮ ಹ್ಯಾಕ್ (ಮೋಸದ ಆ್ಯಪ್) ಹಾಕಿ ಆಡಿದ್ದಕ್ಕ ನನ್ನ ಐಡಿ ಬ್ಯಾನ್ ಆಗ್ಯದ. ಅಪೀಲ್‌ನಾಗ ಹ್ಯಾಂಗ ಬರದ್ರ ವಾಪಸ್ ಸಿಗ್ತದ?

"ಆಡಿದ್ದು ನಾನಲ್ಲ, ತಮ್ಮ" ಅಂತ ಮಾತ್ರ ಬರೀಬ್ಯಾಡ್ರಿ. ನನಗೂ ಹಿಂಗೇ ಆಗಿತ್ತು, ನನ್ನ ಅಪೀಲ್ ಬಿದ್ದುಹೋಗಿದ್ದೇ ಆ ಸಾಲಿನಿಂದ.

ಶರಣಬಸವೇಶ್ವರ ಜಾತ್ರಿಗಿ ಆಳಂದದಿಂದ ಕಾಕಾನ ಮಗ ಬಂದಿದ್ದ. ತೇರು ನೋಡ್ಕೊಂಡು ಬಂದು ರಾತ್ರಿ ನನ್ನ ಫೋನ್ ಇಸ್ಕೊಂಡ. ಟೆಲಿಗ್ರಾಂದಾಗಿನ ಒಂದು ಎಪಿಕೆ (ಪ್ಲೇಸ್ಟೋರ್ ಹೊರಗಿನ ಆ್ಯಪ್ ಫೈಲ್) ಹಾಕಿ, ಗ್ವಾಡಿ ಹಿಂದ ಕುಂತವ್ರ ಸುತ್ತ ಕೆಂಪು ಚೌಕ ಕಾಣೂಹಂಗ ಮಾಡಿ 3 ಮ್ಯಾಚ್ ಆಡ್ಯಾನ. ಬ್ಯಾನ್ ಬಿದ್ದದ್ದು 9 ದಿನ ಆದ್ಮ್ಯಾಲ. ಗೇಮ್ ಕಂಪನಿಯವ್ರು ಸಿಕ್ಕ ಕೂಡಲೇ ಹೊರಗ ಹಾಕಿದ್ರ ಯಾವ ಹ್ಯಾಕ್ ಸಿಕ್ಕಿಬಿತ್ತು ಅಂತ ಹ್ಯಾಕ್ ಮಾರೋರಿಗಿ ತಿಳೀತದ, ಅದಕ್ಕ ತಡದು ಒಮ್ಮಿಗೇ ರಾಶಿ ಮಂದಿನ ತೆಗೀತಾರ.

ನಾನು ಅಪೀಲ್‌ನಾಗ ಇದ್ದದ್ದು ಇದ್ದಂಗ ಹೇಳ್ದೆ. ಒಂದೇ ಸಾಲಿನಾಗ ಎರಡು ತಪ್ಪು ಒಪ್ಕೊಂಡಂಗಾಯ್ತು: ಹ್ಯಾಕ್ ಓಡಿದ್ದು ಖರೆ, ಐಡಿ ಇನ್ನೊಬ್ಬರಿಗಿ ಕೊಟ್ಟದ್ದೂ ಖರೆ. ಐಡಿ ಕೊಡೂದೂ ನಿಯಮದಾಗ ತಪ್ಪೇ ಅದ, ಯಾರೂ ಓದಂಗಿಲ್ಲ ಅಷ್ಟೇ. ಸರ್ವರ್‌ಗಿ ಕಾಣೂದು ಐಡಿ, ಫೋನು, ಐಪಿ (ನೆಟ್ ವಿಳಾಸ). ಒತ್ತಿದ ಬೆರಳು ಯಾರದಂತ ಕಾಣಂಗಿಲ್ಲ. ಮರುದಿನ ಗಾಬರಿಬಿದ್ದು "ಐಡಿ ಕಳುವಾಗಿತ್ತು" ಅಂತ ಇನ್ನೊಂದು ಬರದೆ. ಅದೇ ಫೋನು, ಅದೇ ಮನಿ ವೈಫೈ, ಮ್ಯಾಲ ನಿನ್ನೆ ನಾನೇ ಕಾಕಾನ ಮಗನ ಹೆಸರು ಹೇಳೀನಿ. ಯಾರು ನಂಬ್ಯಾರು?

ಸ್ಟೀಮ್ ಅನ್ನೂ ಕಂಪ್ಯೂಟರ್ ಗೇಮ್ ಅಂಗಡಿದಾಗ ಇನ್ನೂ ಬಿಗಿ. ಅಲ್ಲಿ ಮೋಸ ಹಿಡಿಯೂ ವ್ಯವಸ್ಥೆ ವ್ಯಾಕ್ ಹಾಕಿದ ಬ್ಯಾನ್ ಕಾಯಂ, ಸಪೋರ್ಟ್‌ದವ್ರಿಗೂ ತೆಗೀಲಿಕ್ಕ ಬರಂಗಿಲ್ಲ. ಮನಿಯವ್ರ ಕೂಡ ಗೇಮ್ ಹಂಚ್ಕೊಳ್ಳೂ ಸ್ಟೀಮ್ ಫ್ಯಾಮಿಲಿದಾಗ ನಿಮ್ಮ ಗೇಮ್ ತಗೊಂಡು ತಮ್ಮ ಮೋಸ ಮಾಡಿದ್ರ ಆ ಗೇಮ್‌ನಾಗ ನಿಮಗೂ ಬ್ಯಾನ್.

ಅದಕ್ಕ "ಹ್ಯಾಂಗ ಬರೀಲಿ" ಅಂತ ಕೇಳೂದೇ ಬಿಡ್ರಿ. ಹ್ಯಾಕ್ ಓಡ್ಯದ ಅಂದ್ಮ್ಯಾಲ ಆ ಐಡಿ ಮರೀರಿ. ಚಾಟ್‌ನಾಗ ಬೈದದ್ದು, ಮಂದಿ ಕೂಡಿ ಸುಳ್ಳು ರಿಪೋರ್ಟ್ ಹೊಡದದ್ದು, ಖರೇನೇ ಕಳುವಾದದ್ದು, ಇಂಥಾದಕ್ಕ ಅಪೀಲ್ ಹಾಕ್ರಿ. 5 ಸಾಲು ಸಾಕು: ಐಡಿ ನಂಬರು, ಬ್ಯಾನ್ ಸಂದೇಶದ ಸ್ಕ್ರೀನ್‌ಶಾಟ್, ತಾರೀಖು-ಟೈಮು, ಫೋನ್ ಮಾಡೆಲ್, ಮತ್ತೊಮ್ಮೆ ಪರಿಶೀಲಿಸ್ರಿ ಅನ್ನೂ ವಿನಂತಿ. ಕಳುವಾಗಿದ್ರ ಬರಿಯೂ ಮೊದಲ ಪಾಸ್‌ವರ್ಡ್ ಬದಲಿಸಿ ಎಲ್ಲಾ ಡಿವೈಸ್‌ದಾಗಿಂದ ಲಾಗೌಟ್ ಮಾಡ್ರಿ. 500 ರೂಪಾಯಿಗಿ ಅನ್‌ಬ್ಯಾನ್ ಮಾಡಿಕೊಡ್ತೀವಿ ಅನ್ನೋರಿಗಿ ಬೇಕಾಗಿದ್ದು ನಿಮ್ಮ ಪಾಸ್‌ವರ್ಡು.

ವಿಪಿಎನ್ (ಐಪಿ ಮರಿ ಮಾಡೂ ಆ್ಯಪ್) ಹಚ್ಚಿ ಉಪಯೋಗಿಲ್ಲ, ಬ್ಯಾನ್ ಇರೂದು ಐಡಿ ಮ್ಯಾಲ. ಕೆಲವು ಗೇಮ್‌ನಾಗ ಫೋನಿಗೇ ಬೀಳ್ತದ, ಆಗ ಹೊಸ ಐಡಿನೂ ನಡಿಯಂಗಿಲ್ಲ. ಮೊದಲ ಆ ಎಪಿಕೆ ಕಿತ್ತುಹಾಕಿ, ಗೇಮ್ ಅಳಿಸಿ ಪ್ಲೇಸ್ಟೋರ್‌ನಿಂದ ಮತ್ತ ಇಳಿಸ್ಕೋರಿ. ಈಗ ಕಾಕಾನ ಮಗ ಬಂದ್ರ ನಾನು ಫೋನ್ ಗೆಸ್ಟ್ ಮೋಡ್‌ಗಿ ಹಾಕೇ ಕೈಗಿ ಕೊಡ್ತೀನಿ.