ವ್ಯಾಯಾಮ ಮಾಡಿದರೆ ರೋಗನಿರೋಧಕ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆಯೇ?

ಹೆಚ್ಚುತ್ತದೆ ಎನ್ನುವುದಕ್ಕಿಂತ ಚುರುಕಾಗುತ್ತದೆ ಎನ್ನುವುದು ಹೆಚ್ಚು ಸರಿ: ನಿಯಮಿತವಾದ, ಹದವಾದ ವ್ಯಾಯಾಮವು ದೇಹವನ್ನು ಕಾಯುವ ಬಿಳಿ ರಕ್ತಕಣಗಳ ಗಸ್ತನ್ನು ಹೆಚ್ಚಿಸುತ್ತದೆ.

ನಾವು ಸುಮ್ಮನೆ ಕುಳಿತಿರುವಾಗ ಈ ಕಣಗಳಲ್ಲಿ ಬಹುಪಾಲು ಗುಲ್ಮ (ಸ್ಪ್ಲೀನ್), ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಮತ್ತು ಮೂಳೆಮಜ್ಜೆಗಳಲ್ಲಿ ತಂಗಿರುತ್ತವೆ, ಇಲ್ಲವೇ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಬಿರುಸಾಗಿ ನಡೆಯತೊಡಗಿದ ಕೆಲವೇ ನಿಮಿಷಗಳಲ್ಲಿ ರಕ್ತದ ಹರಿವು ವೇಗ ಪಡೆದು, ಅಡ್ರಿನಲಿನ್ ಹಾರ್ಮೋನು ಏರಿದಂತೆ, ಅವು ಗೋಡೆಯಿಂದ ಕಳಚಿಕೊಂಡು ಹರಿವಿಗೆ ಸೇರುತ್ತವೆ. ವೈರಸ್ ಹೊಕ್ಕ ಜೀವಕೋಶಗಳನ್ನು ನೇರವಾಗಿ ಕೊಲ್ಲುವ ‘ಸಹಜ ಹಂತಕ’ ಕಣಗಳ ಸಂಖ್ಯೆಯಂತೂ ರಕ್ತದಲ್ಲಿ ಹಲವು ಪಟ್ಟು ಏರುತ್ತದೆ. ದೀರ್ಘ ಶ್ರಮದ ನಂತರ ಒಂದೆರಡು ಗಂಟೆಗಳಲ್ಲಿ ರಕ್ತಪರೀಕ್ಷೆ ಮಾಡಿದರೆ ಈ ಎಣಿಕೆ ಮೊದಲಿಗಿಂತಲೂ ಕೆಳಗಿಳಿದಿರುವುದುಂಟು. ಇದನ್ನು ಹಿಂದೆ ಶಕ್ತಿ ಕುಂದಿದ ಲಕ್ಷಣವೆಂದೇ ಭಾವಿಸಲಾಗಿತ್ತು. ಆದರೆ ಕಣಗಳು ನಾಶವಾಗಿರುವುದಿಲ್ಲ, ಶ್ವಾಸಕೋಶ, ಕರುಳುಗಳಂತಹ ರೋಗಾಣು ಎದುರಾಗುವ ಜಾಗಗಳಿಗೆ ತೆರಳಿರುತ್ತವೆ ಎಂಬುದು ಇಂದು ಹಲವು ಸಂಶೋಧಕರ ವಿವರಣೆ, ಮತ್ತು ನನಗೂ ಅದೇ ಸಮಂಜಸವೆನಿಸುತ್ತದೆ. ಮ್ಯಾರಥಾನ್ ಮುಗಿಸಿದ ಕೆಲವರಿಗೆ ನೆಗಡಿ ಹಿಡಿಯುವುದರಲ್ಲಿ ನಿದ್ರೆಗೇಡು, ಪ್ರಯಾಣ, ಜನಸಂದಣಿಗಳ ಪಾಲೂ ಇರುತ್ತದೆ.

ಈ ಏರಿಳಿತ ಕೆಲವು ಗಂಟೆಗಳದ್ದಷ್ಟೇ ಆದ್ದರಿಂದ, ಅಪರೂಪಕ್ಕೊಮ್ಮೆ ಮೈಮುರಿಯುವಂತೆ ಓಡುವುದಕ್ಕಿಂತ ವಾರದ ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆ ನಡೆಯುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆಯೂ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ಜ್ವರವಿರುವಾಗ ಮಾತ್ರ ಇದು ಅನ್ವಯಿಸುವುದಿಲ್ಲ. ಆಗ ದೇಹಕ್ಕೆ ವಿಶ್ರಾಂತಿ ಬೇಕು.